ಅಡುಗೆಮನೆಗೆ ಬಂದ ಬಚ್ಚಲು ಕಲ್ಲು

ನಮ್ಮ ಮನೆಗೆ ಯಾರೇ ಹೊಸಬರು ಬಂದರೂ ನನ್ನ ಮಾವ ಲಕ್ಷ್ಮಯ್ಯನವರು ಕಾಫಿ ಬರುವುದರೊಳಗೆ ಅವರನ್ನು ಎಬ್ಬಿಸಿಕೊಂಡು ಅಡುಗೆಮನೆಗೆ ಬಂದುಬಿಡುತ್ತಾರೆ. ಒಲೆ ಕಟ್ಟೆಯ ಮೇಲಿನ ಬೂದುಬಣ್ಣದ ಚಪ್ಪಡಿಯನ್ನು ಅಂಗೈಯಿಂದ ತಟ್ಟಿ, ಇದೇನು ಕಲ್ಲು ಹೇಳಿ ನೋಡೋಣ ಎಂದು ಕೇಳುತ್ತಾರೆ. ಬಂದವರು ಗ್ರಾನೈಟು ಎನ್ನುತ್ತಾರೆ, ಕಡಪ ಎನ್ನುತ್ತಾರೆ. ಮಾವ ಎಲ್ಲಕ್ಕೂ ಅಡ್ಡಡ್ಡ ತಲೆಯಾಡಿಸಿ, ಅವರು ಸೋತ ಮೇಲೆ, ಬಚ್ಚಲು ಕಲ್ಲು ಎಂದು ಗುಟ್ಟು ಒಡೆಯುತ್ತಾರೆ.

ಕಥೆ ಇಷ್ಟೇ. ಈ ಮನೆ ಕಟ್ಟುವಾಗ ನಿಂತುಕೊಂಡು ಅಡುಗೆ ಮಾಡುವ ಕಟ್ಟೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಮಾವ ಆಸೆಪಟ್ಟು ಅದಕ್ಕೆ ಒಂದು ಕಲ್ಲು, ಹಿತ್ತಲಿನ ಸ್ನಾನದ ಬಚ್ಚಲಿಗೆ ಒಂದು ಕಲ್ಲು ಮಾಡಿಸಿದರು. ಗಾಡಿಯಿಂದ ಇಳಿಸುವಾಗ ಅಡುಗೆಮನೆಯ ಕಲ್ಲು ಮುರಿದು ಎರಡು ಹೋಳಾಯಿತು. ಗೃಹಪ್ರವೇಶ ಹತ್ತಿರ ಬಂದಿತ್ತು. ಮಾವ ಅಲ್ಲೇ ನಿಂತು, ಮುರಿದ ಹೋಳುಗಳನ್ನು ಬಚ್ಚಲಿಗೆ ಹಾಕಿಸಿ, ಬಚ್ಚಲಿನ ಕಲ್ಲನ್ನು ಎತ್ತಿಸಿ ಒಲೆ ಕಟ್ಟೆಯ ಮೇಲೆ ಕೂರಿಸಿದರು. ಬಚ್ಚಲಿಗೆಂದು ಮಾಡಿದ್ದಾದ್ದರಿಂದ ಅದರಲ್ಲಿ ನೀರು ಹರಿದುಹೋಗಲು ಬೆರಳಗಲದ ಕಾಲುವೆ ಇದೆ, ಒಂದು ಮೂಲೆಯ ಕಡೆಗೆ ಇಳಿಜಾರಾದ ವಾಟವೂ ಇದೆ. ಕಟ್ಟೆಯ ಮೇಲೆ ಏನು ಚೆಲ್ಲಿದರೂ ಅದು ಕಾಲುವೆ ಹಿಡಿದು ಆ ಮೂಲೆಗೆ ಹೋಗಿ, ಅಡುಗೆ ಮಾಡುವವಳ ಕಾಲಿನ ಹತ್ತಿರ ತೊಟ್ಟಿಕ್ಕುತ್ತದೆ. ಮಾವನಿಗೆ ಅದೂ ಒಂದು ಹೆಮ್ಮೆ. ಒರೆಸುವ ಕೆಲಸವೇ ಇಲ್ಲ, ತಾನೇ ಹರಿದುಕೊಂಡು ಹೋಗುತ್ತದೆ ಎಂದು ಒಂದು ಲೋಟ ನೀರು ಸುರಿದು ತೋರಿಸುತ್ತಾರೆ. ಬಂದವರು ನಗುತ್ತಾರೆ, ಮಾವ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಅತ್ತೆ ಅನುಸೂಯಮ್ಮನವರೂ ಒಲೆಯ ಪಕ್ಕದಲ್ಲಿ ನಿಂತು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ನಗುತ್ತಾರೆ.

ನಾನು ಈ ಮನೆಯ ಸೊಸೆ, ಮಮತ. ತವರು ಕುಂದಾಣದ ಕಡೆ, ಸೇರಿದ್ದು ಅರಿಶಿನಕುಂಟೆ. ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ಅಲ್ಲಿನ ಹುಡುಗಿಯರು ನನಗೆ ಒಗ್ಗರಣೆ ಎಂದು ಹೆಸರಿಟ್ಟಿದ್ದಾರೆ, ಎಣ್ಣೆ ಕಾಯುವ ಮುಂಚೆಯೇ ಸಿಡಿಯುತ್ತೇನಂತೆ. ನನಗೆ ಗೊತ್ತಿದೆ, ಗೊತ್ತಿಲ್ಲದವಳ ಹಾಗೆ ಇದ್ದೇನೆ. ಗುರು ನನ್ನ ಗಂಡ. ಎದುರಿಗೆ ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ, ಬರೆಯುವಾಗ ಮಾತ್ರ ಈ ಧೈರ್ಯ.

ಆ ಕಲ್ಲಿನ ಮೇಲೆ ನನಗಿದ್ದ ಮೋಹಕ್ಕೆ ಕಾರಣ ಹೇಳಬೇಕು. ಮದುವೆಯಾಗಿ ಬಂದಾಗ ನನಗೆ ಹಿಟ್ಟು ತೊಳಸಲು ಬರುತ್ತಿರಲಿಲ್ಲ. ರಾಗಿ ಸೀಮೆಯಲ್ಲಿ ಹುಟ್ಟಿ ಹೀಗೆ ಹೇಳಿಕೊಳ್ಳುವುದು ನಾಚಿಕೆಗೇಡು. ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು, ಬೆಳೆಸಿದ ದೊಡ್ಡಮ್ಮ ಒಲೆಯ ಹತ್ತಿರ ಯಾರನ್ನೂ ಸೇರಿಸುತ್ತಿರಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನೇ ಮಾಡುತ್ತೇನೆಂದು ಹೊರಟೆ. ಎಸರಿಗೆ ಹಿಟ್ಟು ಹಾಕಿ, ಬೇಯಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ ಎರಡು ಪಾದಗಳಿಂದ ಒತ್ತಿ ಹಿಡಿದು ಕೋಲಿನಿಂದ ತೊಳಸಿದೆ. ತೊಳಸಿದ್ದೂ ತೊಳಸಿದ್ದೇ, ಮುದ್ದೆಯ ತುಂಬ ಗಂಟು. ಒಂದೊಂದು ಗಂಟಿನೊಳಗೂ ಹಸಿ ಹಿಟ್ಟು. ಪಡಸಾಲೆಯಲ್ಲಿ ಮಾವ, ಅವರ ಇಬ್ಬರು ತಮ್ಮಂದಿರು, ಗುರು, ಹೊಲದ ಕೆಲಸಕ್ಕೆ ಬಂದವರು ಎಲ್ಲ ಸಾಲಾಗಿ ಕೂತಿದ್ದರು. ದೊಡ್ಡಮ್ಮನ ಬಾಯಿಗೆ ಬೆಳೆದವಳು ನಾನು, ಈಗ ಬೈಗುಳ ಬಂತು ಎಂದು ತಲೆ ತಗ್ಗಿಸಿ ನಿಂತೆ.

ಅತ್ತೆ ಬಂದರು. ಕಲ್ಲಿಗೆ ನೀರು ಎರಚಿ, ಅಷ್ಟೂ ಹಿಟ್ಟನ್ನು ಅದರ ಮೇಲೆ ಸುರಿದುಕೊಂಡರು. ಕೈ ಒದ್ದೆ ಮಾಡಿಕೊಂಡು ಆ ಸುಡುವ ಹಿಟ್ಟನ್ನು ಬಿಡಿಸಿ, ಹೆಬ್ಬೆರಳಿನಲ್ಲಿ ಗಂಟು ಹುಡುಕಿ, ಕಲ್ಲಿಗೆ ಒತ್ತಿ ಒಂದೊಂದನ್ನೇ ಒಡೆದರು. ಒಡೆಯದ ಗಂಟುಗಳನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿಕೊಂಡರು. ಉಳಿದದ್ದು ನುಣ್ಣಗಿನ ಮುದ್ದೆಗಳಾಗಿ ತಟ್ಟೆ ಸೇರಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವರು ಮೆಲ್ಲಗೆ ಹೇಳಿದರು:

"ಕಲ್ಲು ಒದ್ದೆ ಇರ್ಬೇಕು, ಕೈ ಒದ್ದೆ ಇರ್ಬೇಕು. ಕಣ್ಣಿಗ್ಯಾಕೆ ನೀರು? ಬಿಡು, ನಾಳಿಕ್ಕೆ ಬರ್ತದೆ."

ಗಂಡಸರ ಊಟವಾದ ಮೇಲೆ ಆ ಗಂಟಿನ ಹಿಟ್ಟನ್ನೇ ಅತ್ತೆ ಮತ್ತೆ ಉಂಡೆ ಮಾಡಿ ಕಲ್ಲಿನ ಮೇಲಿಟ್ಟು ಎರಡು ಭಾಗ ಮಾಡಿದರು. ಒಂದನ್ನು ನನ್ನ ಕಡೆಗೆ ತಳ್ಳಿ, ಹೆಬ್ಬೆರಳಿನಲ್ಲಿ ಗುಳಿ ಒತ್ತಿ, ಅದಕ್ಕೇ ಬಸ್ಸಾರು ಬಿಟ್ಟರು. ತಟ್ಟೆಯಿಲ್ಲ, ಎಲೆಯಿಲ್ಲ. ಕಟ್ಟೆಯ ಎದುರು ಇಬ್ಬರೂ ನಿಂತುಕೊಂಡೇ ಉಂಡೆವು. ಗುಳಿ ಮೀರಿದ ಸಾರು ಕಲ್ಲಿನ ಮೇಲೆ ಇಳಿದು ಕಾಲುವೆ ಹಿಡಿದು ಓಡತೊಡಗಿತು. ಅತ್ತೆ ಒಂದು ತುತ್ತು ಮುರಿದುಕೊಂಡು ಅದನ್ನು ಅಟ್ಟಿಸಿಕೊಂಡು ಹೋಗಿ ಮೂಲೆಯಲ್ಲಿ ಹಿಡಿದರು. ನಾನೂ ಹಿಡಿದೆ. ಇಬ್ಬರ ಬೆರಳೂ ಕಾಲುವೆಯಲ್ಲಿ ಡಿಕ್ಕಿ ಹೊಡೆದು ನಗು ತಡೆಯಲಾಗಲಿಲ್ಲ. ಅಮ್ಮ ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಅಂದಿನಿಂದ ಎಷ್ಟೋ ವರ್ಷ ನಮ್ಮಿಬ್ಬರ ಮಧ್ಯಾಹ್ನದ ಊಟ ಹಾಗೆಯೇ ನಡೆಯಿತು. ಆಮೇಲೆ ಮಾವನ ತಮ್ಮಂದಿರು ಬೇರೆಯಾದರು, ಹೊಲದ ಮಗ್ಗುಲಲ್ಲೇ ಹೆದ್ದಾರಿ ಅಗಲವಾಯಿತು, ನಾನು ಕೆಲಸಕ್ಕೆ ಸೇರಿದೆ, ಊಟದ ಟೇಬಲ್ಲು ಬಂತು. ಆದರೂ ಸಂಜೆ ಬಂದು ಆ ಕಲ್ಲಿನ ಮೇಲೆ ಕೈಯಿಟ್ಟರೆ ಸಾಕು, ಗೋದಾಮಿನ ತಲೆನೋವೆಲ್ಲ ಇಳಿಯುತ್ತಿತ್ತು. ಮುದ್ದೆ ಕಟ್ಟುವ ಜಾಗದಲ್ಲಿ ಉಳಿಯ ಗುರುತುಗಳೆಲ್ಲ ಸವೆದು ಕೆನ್ನೆಯ ಹಾಗೆ ನುಣ್ಣಗಾಗಿತ್ತು. ಆ ನುಣುಪಿನಲ್ಲಿ ನನ್ನ ಪಾಲೂ ಇದೆ ಎಂದು ನನಗೆ ಜಂಬ.

ಕಳೆದ ಮಳೆಗಾಲದಲ್ಲಿ ಸಿಂಕಿನ ಹಿಂದಿನ ಗೋಡೆ ನೆನೆದು ಗಾರೆ ಉದುರಲು ಶುರುವಾಯಿತು. ನೋಡಲು ಬಂದ ಪ್ಲಂಬರು ಒಳಗಿನ ಪೈಪು ಹೋಗಿದೆ, ಕಟ್ಟೆ ಒಡೆಯದೆ ಗತಿಯಿಲ್ಲ ಎಂದ. ಒಡೆಯುವುದೇ ಆದರೆ ಅಡುಗೆಮನೆಯನ್ನು ಪೂರ್ತಿ ಹೊಸದು ಮಾಡಿಸಿಬಿಡೋಣ ಎಂದು ಗುರು ಉತ್ಸಾಹಕ್ಕೆ ಬಿದ್ದರು. ಕೆಳಗೆ ಡ್ರಾಯರು, ಮೇಲೆ ಕಪಾಟು, ಚಿಮಣಿ. ನಾನು ಎಲ್ಲಕ್ಕೂ ಹೂಂ ಎಂದೆ, ಒಂದೇ ಷರತ್ತು ಹಾಕಿದೆ: ಏನು ಬೇಕಾದರೂ ಬದಲಾಗಲಿ, ಆ ಕಲ್ಲನ್ನು ಮಾತ್ರ ಪಾಲಿಶ್ ಮಾಡಿಸಿ ಅಲ್ಲೇ ಕೂರಿಸಬೇಕು. ಮಾವನಿಗೆ ಆನೆಬಲ ಬಂತು. ಪಾಲಿಶ್ ಮಾಡಿದರೂ ಕಾಲುವೆ ಮುಚ್ಚಬಾರದು ಎಂದು ತಮ್ಮದೊಂದು ಷರತ್ತನ್ನೂ ಸೇರಿಸಿದರು.

ಅತ್ತೆ ಅಲಸಂದೆ ಕಾಯಿ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆಯೇ, "ಆ ಕಲ್ಲು ಬ್ಯಾಡ" ಎಂದರು.

ಅಷ್ಟೇ. ಏಕೆ ಎಂದು ಗುರು ಕೇಳಿದರು. ಮಾವ ತಮಾಷೆ ಮಾಡಿದರು. ಅತ್ತೆ ಮಾತ್ರ ಹೊಸ ಕಲ್ಲು ತಾನೇ ಆರಿಸುತ್ತೇನೆ, ಅಂಗಡಿಗೆ ತನ್ನನ್ನೂ ಕರೆದುಕೊಂಡು ಹೋಗಿ ಎಂದಷ್ಟೇ ಹೇಳಿ ಸಿಪ್ಪೆ ಎತ್ತಿಕೊಂಡು ಹಸುವಿನ ಹತ್ತಿರ ಹೋದರು. ನನಗೆ ಮೈಯೆಲ್ಲ ಉರಿಯಿತು. ಇದರ ಮೂಲ ನನಗೆ ಗೊತ್ತಿದೆ ಅಂದುಕೊಂಡೆ. ಅತ್ತೆಯ ತಂಗಿ ವರಲಕ್ಷ್ಮಮ್ಮನವರು ನೆಲಮಂಗಲದಲ್ಲಿ ಹೊಸ ಮನೆ ಕಟ್ಟಿಸಿದಾಗ ಅಡುಗೆಮನೆಗೆ ಹಾಲಿನಂಥ ಬಿಳಿ ಕಲ್ಲು ಹಾಕಿಸಿದ್ದರು. ಗೃಹಪ್ರವೇಶದ ದಿನ ಅತ್ತೆ ಊಟಕ್ಕೂ ಏಳದೆ ಆ ಕಲ್ಲನ್ನು ಸವರುತ್ತಾ ನಿಂತದ್ದನ್ನು ನಾನೇ ನೋಡಿದ್ದೆ. ತಂಗಿಯ ಮನೆ ಕಂಡು ಅಕ್ಕನಿಗೆ ಆಸೆ. ಈ ವಯಸ್ಸಿನಲ್ಲಿ ಇದೆಂಥ ಶೋಕಿ ಎಂದು ರಾತ್ರಿ ಗುರುವಿನ ಕಿವಿ ಕಚ್ಚಿದೆ. ಅವರು ಬಡಪಾಯಿ, ಇಬ್ಬರ ಮಧ್ಯೆ ತಲೆ ಹಾಕಲಾರೆ ಎಂದು ಮಗ್ಗುಲು ಬದಲಾಯಿಸಿದರು.

ಭಾನುವಾರ ನಾಲ್ವರೂ ಹೆದ್ದಾರಿ ಪಕ್ಕದ ಕಾಂತರಾಜು ಎಂಬವರ ಅಂಗಡಿಗೆ ಹೋದೆವು. ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ಆಳೆತ್ತರದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಾಂತರಾಜು ಮಾತುಗಾರ ಮನುಷ್ಯ. ಕರಿ ಗ್ರಾನೈಟು ತೋರಿಸಿ ಇದು ಮೂರು ತಲೆಮಾರು ಬರುತ್ತದೆ ಎಂದರು. ಕಂದು ಚುಕ್ಕೆಯದನ್ನು ತೋರಿಸಿ ಇದರಲ್ಲಿ ಕೊಳೆಯೇ ಕಾಣುವುದಿಲ್ಲ ಎಂದರು. ಕೊಳೆ ಕಾಣದಿದ್ದರೆ ಒರೆಸುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅವರು ಮುಂದಿನ ಹಲಗೆಯತ್ತ ನಡೆದರು.

ಅಷ್ಟರಲ್ಲಿ ಮಾವ ತಮ್ಮ ಕಥೆ ಶುರು ಮಾಡಿದ್ದರು. ನಮ್ಮ ಮನೆಯಲ್ಲಿರುವುದು ಏನು ಕಲ್ಲು ಹೇಳಿ ನೋಡೋಣ ಎಂಬಲ್ಲಿಂದ ಹಿಡಿದು ಗಾಡಿ, ಮುರಿದ ಹೋಳು, ಕಾಲುವೆ, ಒಂದನ್ನೂ ಬಿಡಲಿಲ್ಲ. ಕಾಂತರಾಜು ತೊಡೆ ತಟ್ಟಿಕೊಂಡು ನಕ್ಕರು. ಕಲ್ಲು ಕೊಯ್ಯುತ್ತಿದ್ದವರೂ ಮಷೀನು ನಿಲ್ಲಿಸಿ ನಕ್ಕರು. ನಗುವಿನ ಭರದಲ್ಲಿ ಕಾಂತರಾಜು ಅತ್ತೆಯ ಕಡೆಗೆ ತಿರುಗಿ, "ಅಂಗಾದ್ರೆ ಅಮ್ಮಾರು ಇಷ್ಟು ವರ್ಷ ಬಚ್ಚಲಲ್ಲೇ ಅಡುಗೆ ಮಾಡವ್ರೆ ಅನ್ನಿ" ಎಂದರು.

ಎಲ್ಲರೂ ಮತ್ತೊಮ್ಮೆ ನಕ್ಕರು. ಅತ್ತೆ ನಗಲಿಲ್ಲ. ಇಷ್ಟು ವರ್ಷದಲ್ಲಿ ಆ ಕಥೆಗೆ ಅವರು ನಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಸಾಲಿನ ಕೊನೆಯವರೆಗೆ ನಡೆದು ಹೋಗಿ, ಬೂದಿಯ ಎಳೆಗಳಿದ್ದ ಒಂದು ಬಿಳಿ ಹಲಗೆಯ ಮೇಲೆ ಕೈಯಿಟ್ಟರು. ಕೈ ಅಲ್ಲೇ ಇತ್ತು. "ಇದು" ಎಂದರು.

ಅದು ಕ್ವಾರ್ಟ್ಜ್, ಕಲ್ಲಿನ ಪುಡಿಗೆ ಅಂಟು ಸೇರಿಸಿ ಕಾರ್ಖಾನೆಯಲ್ಲಿ ಮಾಡುವುದು ಎಂದು ಕಾಂತರಾಜು ವಿವರಿಸಿದರು. ನಿಂಬೆಹುಳಿ, ಎಣ್ಣೆಗೆಲ್ಲ ಅಂಜುವುದಿಲ್ಲ, ಅರಿಶಿನ ಬಿದ್ದರೆ ಬೇಗ ಒರೆಸಿಬಿಡಬೇಕು. ಒಂದೇ ಒಂದು ತೊಂದರೆ, ಉರಿಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಡುವ ಹಾಗಿಲ್ಲ, ಸುಟ್ಟು ಹಳದಿ ಕಲೆಯಾಗುತ್ತದೆ. ನನಗೆ ಬೇಕಾದದ್ದು ಅದೇ ಆಗಿತ್ತು. ದಿನಾ ಹಿಟ್ಟಿನ ಪಾತ್ರೆ ಇಳಿಸುವ ಮನೆಗೆ ಇಂಥ ನಾಜೂಕಿನ ಕಲ್ಲು ಆಗುತ್ತದೆಯೇ, ಪರೀಕ್ಷೆ ಮಾಡಿಯೇ ಬಿಡೋಣ, ಒಂದೊಂದು ತುಂಡು ಕೊಡಿ ಎಂದು ಬಿಳಿಯದು, ಕರಿಯದು ಎರಡರ ತುಂಡನ್ನೂ ಕಾರಿನ ಡಿಕ್ಕಿಗೆ ಹಾಕಿಸಿಕೊಂಡೆ. ಅತ್ತೆ ಬೇಡವೆನ್ನಲಿಲ್ಲ.

ಸಂಜೆ ನಾನೇ ಹಿಟ್ಟು ತೊಳಸಿದೆ. ಹಳೆಯ ಕಲ್ಲಿನ ಮೇಲೆಯೇ ಎರಡು ತುಂಡುಗಳನ್ನೂ ಇಟ್ಟು ಮೂರಕ್ಕೂ ನೀರು ಎರಚಿದೆ. ಮನೆಯವರೆಲ್ಲ ನೆರೆದಿದ್ದರು. ಮೊದಲು ನಮ್ಮ ಕಲ್ಲಿನ ಮೇಲೆ ಒಂದು ಮುದ್ದೆ ಕಟ್ಟಿದೆ, ಹೂವಿನಂತೆ ಎದ್ದು ಬಂತು. ಕರಿ ಗ್ರಾನೈಟಿನ ಮೇಲೂ ಅಂಟಲಿಲ್ಲ. ಬಿಳಿಯದರ ಮೇಲೆ ಅಂಟಿಕೊಳ್ಳಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಹಿಟ್ಟು ಹಾಕಿದೆ. ಹಾಳಾದ್ದು, ಅದರಿಂದಲೂ ನುಣ್ಣಗೆ ಎದ್ದಿತು. ಅತ್ತೆಯ ಮುಖದಲ್ಲಿ ಸಣ್ಣ ನಗು ಮೂಡಿದ್ದನ್ನು ಕಂಡು ನನಗೆ ಇನ್ನೂ ರೇಗಿತು. ತಳ ಹಿಡಿದ ಹಿಟ್ಟಿನ ಪಾತ್ರೆಯನ್ನು ಮತ್ತೆ ಉರಿಯ ಮೇಲೆ ಚೆನ್ನಾಗಿ ಕಾಯಿಸಿ, ಹಾಗೆಯೇ ತಂದು ಬಿಳಿ ತುಂಡಿನ ಮೇಲೆ ಕುಕ್ಕಿದೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಪಾತ್ರೆಯ ತಳದಷ್ಟೇ ಅಗಲದ ಹಳದಿ ಉಂಗುರ ಮೂಡಿತ್ತು. ಬಟ್ಟೆ ತಂದು ತಿಕ್ಕಿದೆ, ಹೋಗಲಿಲ್ಲ.

ನೋಡಿ ಎಂದೆ. ಗೆದ್ದವಳ ದನಿ ನನ್ನದು. ಗುರು ಬಗ್ಗಿ ನೋಡಿ ಹೌದಲ್ಲ ಎಂದರು. ಮಾವನಂತೂ ಹಳೆಯ ಕಲ್ಲನ್ನು ಮೆಚ್ಚಿ ತಟ್ಟಿ, ಎಂಥೆಂಥ ಬೆಂಕಿ ಕಂಡಿದೆ ನಮ್ಮ ಬಚ್ಚಲು ಕಲ್ಲು, ಅವತ್ತು ಗಾಡಿಯಿಂದ ಇಳಿಸುವಾಗ ಎಂದು ಮೊದಲಿನಿಂದ ಶುರು ಮಾಡಿದರು.

"ಸಾಕು ನಿಲ್ಲುಸ್ರಿ" ಎಂದರು ಅತ್ತೆ.

ದನಿ ಏರಿರಲಿಲ್ಲ. ಆದರೂ ಮಾವನ ಬಾಯಿ ಅರ್ಧಕ್ಕೇ ನಿಂತಿತು.

"ಬಂದೋರೆಲ್ಲ ನಗ್ತಾರೆ, ನೀವೂ ನಗ್ತೀರಿ, ನಾನೂ ನಕ್ಕೊಂಡೇ ಬಂದೆ. ಆ ಕಲ್ಲು ಮುರ್ದಾಗ ಅಡುಗೆ ಮಾಡೋಳು ನಾನು ಅಲ್ಲೇ ನಿಂತಿದ್ದೆ. ಒಂದ್ ಮಾತು ಕೇಳುದ್ರಾ? ಒಲೆ ಕಟ್ಟೆಗೆ ನಾಕ್ ದಿನ ಕಲ್ಲಿಲ್ದೆ ಇದ್ದಿದ್ರೆ ಏನಾಗ್ತಿತ್ತು? ಅದು ಬಚ್ಚಲಿಗೆ ಅಂತ ಮಾಡ್ಸಿದ್ದು. ನಂಗೆ ಅಂತ ಮಾಡ್ಸಿದ್ದು ಒಡ್ದೋಯ್ತು. ಇನ್ನೊಂದು ತರಾನ ಅಂತ ಯಾರ್ಗೂ ಅನ್ನುಸ್ಲಿಲ್ಲ."

ಆಮೇಲೆ ಅವರು ಸೀರೆಯ ಅಂಚು ತುಸು ಎತ್ತಿ ಎಡಗಾಲು ಮುಂದಿಟ್ಟರು. ಪಾದದ ಮೇಲೆ ಸುಟ್ಟ ಕಲೆಯೊಂದಿದೆ, ಅದನ್ನು ನಾನು ಬಂದ ದಿನದಿಂದ ನೋಡಿದ್ದೇನೆ. ಸೌದೆ ಒಲೆಯ ಕಿಡಿ ಇರಬೇಕು ಎಂದುಕೊಂಡಿದ್ದೆ, ಕೇಳಿರಲಿಲ್ಲ. ಗುರು ಕೂಸಾಗಿದ್ದಾಗ ಅನ್ನ ಬಸಿಯುವಾಗ ಪಾತ್ರೆ ಜಾರಿತಂತೆ. ಕುದಿಯುವ ಗಂಜಿ ಕಟ್ಟೆಯ ಮೇಲೆ ಹರಡಿಕೊಂಡು ತಣ್ಣಗಾಗುವ ಬದಲು ಕಾಲುವೆ ಹಿಡಿದು ನೇರವಾಗಿ ಬಂದು ಪಾದದ ಮೇಲೆ ಸುರಿಯಿತಂತೆ. ಕಂಕುಳಲ್ಲಿ ಮಗು ಇದ್ದುದರಿಂದ ಕಾಲು ಹಿಂದಕ್ಕೆ ತೆಗೆಯುವುದೂ ಆಗಲಿಲ್ಲವಂತೆ. ಇದನ್ನೆಲ್ಲ ಅತ್ತೆ ಅಂಗಡಿಯಲ್ಲಿ ಸಾಮಾನಿನ ಹೆಸರು ಹೇಳುವಷ್ಟು ನಿಧಾನವಾಗಿ ಹೇಳಿದರು. ಮಾವ ಹಳೆಯ ಕಲ್ಲಿನ ಮೇಲಿಟ್ಟಿದ್ದ ಕೈ ತೆಗೆದುಕೊಂಡು ಪಡಸಾಲೆಗೆ ಹೊರಟುಹೋದರು. ಗುರು ಅಮ್ಮನ ಕಾಲನ್ನೇ ನೋಡುತ್ತಾ ನಿಂತರು.

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ದುಃಖ ಬಂತು, ಅದೂ ಚಿಕ್ಕ ಮಕ್ಕಳ ದುಃಖ. ಈ ಕಲ್ಲಿನ ಮೇಲೇ ಅಲ್ಲವೇ ಅತ್ತೆ ನನಗೆ ಮುದ್ದೆ ಕಲಿಸಿದ್ದು, ಇದರ ಮೇಲೇ ಅಲ್ಲವೇ ನಾವಿಬ್ಬರೂ ಹಂಚಿಕೊಂಡು ಉಂಡಿದ್ದು, ಅದೂ ನಿಮಗೆ ಬೇಡವಾಯಿತೇ ಎಂದು ಕೇಳಿಯೇಬಿಟ್ಟೆ.

ಅತ್ತೆ ನನ್ನ ಹತ್ತಿರ ಬಂದರು. "ಇದ್ದ ತಟ್ಟೆಯೆಲ್ಲ ಗಂಡಸ್ರಿಗೇ ಆಗೋಯ್ತಿತ್ತು ಕಣ್ ಮಗ" ಎಂದರು. "ಉಂಡಿದ್ದು ತೊಳ್ಕೊಂಡು ಉಣ್ಣಾನ ಅಂದ್ರೆ ಮಧ್ಯಾಹ್ನದೊತ್ಗೆ ಕೊಡದಲ್ಲಿ ನೀರಿರ್ತಿರ್ಲಿಲ್ಲ. ನೀನು ಬರೋಗಂಟ ನಾನೊಬ್ಳೇ ಅಂಗೇ ಉಣ್ತಿದ್ದೆ. ಸಾರು ಹರ್ದೋಗ್ಬಿಡ್ತದೆ ಅಂತ ಗಬಗಬ ತಿಂತಿದ್ದೆ."

ಅವರು ನನ್ನ ಕೈಗಂಟಿದ್ದ ಹಿಟ್ಟನ್ನು ತಮ್ಮ ಸೆರಗಿನಿಂದ ಒರೆಸಿದರು.

"ನೀನು ಬಂದ್ಮೇಲೆ ನಗಾಡ್ಕೊಂಡು ಉಂಡೆ, ಅದು ನಿಜ. ನಂಗೆ ಸಂತೋಷ ಆಗಿದ್ದು ನೀನು ಬಂದಿದ್ಕೆ. ಕಲ್ಲಿಗಲ್ಲ."

ಅಂದು ರಾತ್ರಿ ಪರೀಕ್ಷೆಯ ಮೂರು ಮುದ್ದೆಗಳನ್ನೂ ಟೇಬಲ್ಲಿನ ಮೇಲೆ ತಟ್ಟೆಯಲ್ಲಿ ಉಂಡೆವು. ಯಾವುದು ಯಾವ ಕಲ್ಲಿನದು ಎಂದು ಯಾರೂ ಕೇಳಲಿಲ್ಲ. ಮರುದಿನ ಗೋದಾಮಿನಿಂದಲೇ ಕಾಂತರಾಜುವಿಗೆ ಫೋನು ಮಾಡಿ, ನಮ್ಮ ಅತ್ತೆ ತೋರಿಸಿದ ಆ ಬಿಳಿಯದೇ ಇರಲಿ ಎಂದೆ. ಪಾತ್ರೆ ಇಟ್ಟರೆ ಕಲೆ ಬೀಳುತ್ತದೆ ಎಂದು ಆಮೇಲೆ ದೂರು ಹೇಳಬಾರದು ಎಂದರು. ದೂರು ಹೇಳುವವಳು ನಾನೊಬ್ಬಳೇ, ಹೇಳುವುದಿಲ್ಲ ಬಿಡಿ ಎಂದೆ.

ಕಟ್ಟೆ ಒಡೆಯುವ ದಿನ ನಾನು ರಜೆ ಹಾಕಿದೆ. ಹಳೆಯ ಕಲ್ಲನ್ನು ನಾಲ್ಕು ಜನ ಹಾರೆ ಕೊಟ್ಟು ಎಬ್ಬಿಸಿದರು. ಅಂಗಳದಲ್ಲಿ ಬಿಸಿಲಿಗೆ ಒರಗಿಸಿದಾಗ ಮುದ್ದೆ ಕಟ್ಟುತ್ತಿದ್ದ ಜಾಗ ಮಾತ್ರ ಮಿಂಚುತ್ತಿತ್ತು, ಹೋಗಿ ಒಮ್ಮೆ ಸವರಿ ಬಂದೆ. ಇದನ್ನು ಎಲ್ಲಿ ಹಾಕೋದು ಎಂದು ಗುರು ಕೇಳಿದರು. ಕಲ್ಲುಗಳ ಪರೀಕ್ಷೆಯಾದ ಸಂಜೆಯಿಂದ ಅಡುಗೆಮನೆಯ ಹೊಸ್ತಿಲು ದಾಟದೆ, ಜಗಲಿಯಲ್ಲೇ ಊಟ ತರಿಸಿಕೊಳ್ಳುತ್ತಿದ್ದ ಮಾವ ಎದ್ದು ಬಂದರು. ಹಿತ್ತಲ ಕಡೆ ಕೈ ತೋರಿಸಿ, "ಬಚ್ಚಲಿಗೆ" ಎಂದರು.

ಮುರಿದ ಹೋಳುಗಳನ್ನು ಕಿತ್ತು, ಹಂಡೆಯ ಪಕ್ಕದಲ್ಲಿ ಆ ಕಲ್ಲನ್ನು ಹಾಸಿದರು. ಒಮ್ಮೆ ತಿರುಗಿಸಿದ್ದಷ್ಟೇ, ಕಾಲುವೆಯ ಬಾಯಿ ಮೋರಿಗೆ ಸರಿಯಾಗಿ ಕೂತಿತು. ಮಾವನೇ ಒಂದು ಚೊಂಬು ನೀರು ಸುರಿದು ನೋಡಿದರು. ನೀರು ಓಡಿಹೋಗಿ ಮೋರಿ ಸೇರಿತು. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಪೇಟೆಯ ಕಡೆ ನಡೆದರು. ಸಂಜೆ ಬಂದಾಗ ಅವರ ಕೈಯಲ್ಲಿ ಹೊಸ ಹಲಸಿನ ಮಣೆಯೊಂದಿತ್ತು, ದಪ್ಪದ್ದು, ಪಾತ್ರೆ ಕೂರುವಷ್ಟು ಅಗಲದ್ದು. ಬಡಗಿಯ ಹತ್ತಿರ ಕೂತು ಮಾಡಿಸಿಕೊಂಡು ಬಂದಿದ್ದರು. ಅದನ್ನು ಅತ್ತೆಯ ಕೈಗೆ ಕೊಡದೆ, ಅವರು ಕೂತಿದ್ದ ಕಡೆ ಪಕ್ಕದಲ್ಲಿಟ್ಟು, ಬಿಸಿ ಪಾತ್ರೆ ಇದರ ಮೇಲಿಟ್ಟರೆ ಕಲ್ಲಿಗೆ ಏನೂ ಆಗುವುದಿಲ್ಲವಂತೆ ಎಂದು ಗೋಡೆಯ ಕಡೆ ನೋಡಿಕೊಂಡು ಹೇಳಿದರು.

ಹೊಸ ಅಡುಗೆಮನೆ ಮುಗಿಯುವ ಹೊತ್ತಿಗೆ ಚಳಿ ಬಿದ್ದಿತ್ತು. ಹಾಲುಕ್ಕಿಸಿದ ದಿನ ಗುರುವಿನ ಸ್ನೇಹಿತ ದೇವರಾಜ್ ಬಂದಿದ್ದರು. ಮಾವ ಹಳೆಯ ಅಭ್ಯಾಸದಂತೆ ಅವರನ್ನು ಒಳಗೆ ಕರೆತಂದು ಬಿಳಿ ಕಲ್ಲನ್ನು ತಟ್ಟಿ, ಇದೇನು ಕಲ್ಲು ಹೇಳಿ ನೋಡೋಣ ಎಂದರು. ದೇವರಾಜ್ ಏನೋ ಹೇಳುವಷ್ಟರಲ್ಲಿ ಮಾವನೇ ಅತ್ತೆಯ ಕಡೆ ಕೈ ತೋರಿಸಿ, "ಇದು ಇವಳು ಆರ್ಸಿದ್ದು" ಎಂದರು. ಆ ಕಥೆ ಅಲ್ಲಿಗೇ ಮುಗಿಯಿತು, ಯಾರೂ ನಗಲಿಲ್ಲ. ಅತ್ತೆ ಮಾತ್ರ ಒಲೆಯ ಕಡೆ ತಿರುಗಿಕೊಂಡು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

ಬಂದವರೆಲ್ಲ ಉಂಡು ಹೋದರು. ಗುರು ಮತ್ತು ಮಾವ ಜಗಲಿಯಲ್ಲಿ ಕೂತರು. ನಾನು ನಮ್ಮಿಬ್ಬರಿಗೆಂದು ಎರಡು ತಟ್ಟೆ ತೊಳೆದು ತಂದೆ. ಅತ್ತೆ ಹಲಸಿನ ಮಣೆಯ ಮೇಲಿದ್ದ ಪಾತ್ರೆಯಿಂದ ಉಳಿದ ಹಿಟ್ಟು ತೆಗೆದು, ಬಿಳಿ ಕಲ್ಲಿಗೆ ನೀರು ಎರಚಿ, ಒಂದು ಮುದ್ದೆ ಕಟ್ಟಿದರು. ಕಟ್ಟಿದ ಮೇಲೆ ಅದನ್ನು ಎತ್ತಲಿಲ್ಲ. ಎರಡು ಭಾಗ ಮಾಡಿ ಒಂದನ್ನು ನನ್ನ ಕಡೆಗೆ ತಳ್ಳಿ, ಹೆಬ್ಬೆರಳಿನಲ್ಲಿ ಗುಳಿ ಒತ್ತಿ ಹಿತಕಿದವರೆ ಸಾರು ಬಿಟ್ಟರು. ನಾನು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತೆ.

"ತಟ್ಟೆ ಐತಲ್ಲ ಅತ್ತೆ" ಎಂದೆ.

"ಐತೆ. ಅವತ್ತು ಇಲ್ದೆ ಉಂಡ್ವಿ. ಇವತ್ತು ಐತೆ, ಅದ್ಕೇ ಇಲ್ಲಿ ಇಕ್ಕಿದೀನಿ" ಎಂದರು.

ತಟ್ಟೆ ಕೆಳಗಿಟ್ಟು ಅವರ ಪಕ್ಕದಲ್ಲಿ ನಿಂತೆ. ಗುಳಿ ಮೀರಿದ ಸಾರು ಕಲ್ಲಿನ ಮೇಲೆ ಇಳಿಯಿತು. ಅಭ್ಯಾಸಬಲದಿಂದ ನಾನು ತುತ್ತು ಮುರಿದುಕೊಂಡು ಹಿಡಿಯಲು ಮೂಲೆಗೆ ಕೈ ಹಾಕಿದೆ. ಸಾರು ಅಲ್ಲಿಗೆ ಬರಲೇ ಇಲ್ಲ. ಬಿಟ್ಟ ಕಡೆಯೇ ಒಂದಿಷ್ಟು ಹರಡಿಕೊಂಡು ನಿಂತಿತ್ತು. ಕಲ್ಲಿನ ಮೇಲೆ ಅರಿಶಿನದ ಬಣ್ಣ ಹಿಡಿಯುತ್ತದೆ ಎಂದು ನಾನು ಬಟ್ಟೆಗೆ ಕೈ ಚಾಚಿದರೆ ಅತ್ತೆ ನನ್ನ ಕೈ ಹಿಡಿದು ಮುದ್ದೆಯ ಮೇಲೆ ಇಟ್ಟರು.

"ಎಲ್ಲೂ ಓಡೋಗಲ್ಲ ಬಿಡು" ಎಂದರು. "ನಿಧಾನ್ವಾಗಿ ಉಣ್ಣು."